ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಹಗಲಲ್ಲಿ ನಿದ್ದೆ ಬರಬೇಕೆಂದರೆ...

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ಬೆಂಗಳೂರಿನ ಕಾಲ್ ಸೆಂಟರ್‌ಗಳು, ಎಲ್ಲ ಊರಿನ ದೊಡ್ಡಾಸ್ಪತ್ರೆಗಳು. ರಾತ್ರಿ ಹತ್ತಾದ ಮೇಲೂ ಇಲ್ಲೆಲ್ಲ ದೀಪ ಆರುವುದಿಲ್ಲ. ಇಲ್ಲಿ ದುಡಿಯುವವರಿಗೆ ಸಿಗುವ ಸಲಹೆ ಮಾತ್ರ ಒಂದೇ: "ಅಭ್ಯಾಸ ಆಗುತ್ತೆ ಬಿಡಿ." ನಿಜ ಹೇಳಬೇಕೆಂದರೆ ಪೂರ್ತಿ ಅಭ್ಯಾಸ ಆಗುವುದು ಬಹಳ ಕಡಿಮೆ ಜನಕ್ಕೆ. ಆದರೆ ಸುಸ್ತನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಅದರಲ್ಲಿ ಅರ್ಧ ಕೆಲಸ ಪಾಳಿಗೆ ಹೋಗುವವರದು, ಉಳಿದರ್ಧ ಮನೆಯವರದು. ಹಾಗಾಗಿ ಈ ಲೇಖನವನ್ನು ಮನೆಯವರ ಕೈಗೂ ಕೊಡಿ.

ಮೊದಲು, ಯಾಕೆ ಇಷ್ಟು ಕಷ್ಟ?

ನಿದ್ದೆ ನಿಂತಿರುವುದು ಎರಡು ಸಂಗತಿಗಳ ಮೇಲೆ. ಒಂದು, ಎದ್ದು ಎಷ್ಟು ಹೊತ್ತಾಯಿತು ಎಂಬುದು. ಎಚ್ಚರ ಇದ್ದಷ್ಟೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ, ಕಣ್ಣು ಭಾರವಾಗುತ್ತದೆ. ಇನ್ನೊಂದು, ದೇಹದೊಳಗಿನ ಗಡಿಯಾರ. ಇದು ಬೆಳಕು ನೋಡಿ ಸಮಯ ಸರಿಮಾಡಿಕೊಳ್ಳುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಹಾರ್ಮೋನ್ ಏರುತ್ತದೆ. ಮೈಯೊಳಗಿನ ಬಿಸಿ ಇಳಿಯುತ್ತಾ ಹೋಗಿ, ನಸುಕಿನ ನಾಲ್ಕೈದು ಗಂಟೆಗೆ ತೀರಾ ಕೆಳಗೆ ಬರುತ್ತದೆ. ನಿದ್ದೆ ತಡೆಯಲಾಗದ ಹೊತ್ತೂ ಅದೇ.

ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಪತ್ತೆ ಹಚ್ಚಿದ್ದಕ್ಕೆ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಒಂದು ನೊಣದ ಮೈಯಲ್ಲೂ ಇರುವ ಗಡಿಯಾರ ಇದು. "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದ ಮಾತ್ರಕ್ಕೆ ತಿರುಗುತ್ತದೆಯೇ?

ಬೆಳಗ್ಗೆ ಎಂಟೊಂಬತ್ತಕ್ಕೆ ಮಲಗಿದಾಗ ಈ ಎರಡೂ ಒಂದಕ್ಕೊಂದು ತಿರುಗಿ ಬೀಳುತ್ತವೆ. ರಾತ್ರಿಯಿಡೀ ಎದ್ದಿದ್ದರಿಂದ ಬಿದ್ದ ತಕ್ಷಣ ನಿದ್ದೆ ಬರುತ್ತದೆ. ಅಷ್ಟರಲ್ಲಿ ಒಳಗಿನ ಗಡಿಯಾರ ಬೆಳಗಾಯಿತು, ಏಳು ಅನ್ನುತ್ತಿರುತ್ತದೆ. ಹನ್ನೆರಡು, ಒಂದು ಗಂಟೆಗೆ ತಾನಾಗಿ ಎಚ್ಚರವಾಗುತ್ತದೆ. ಆಮೇಲೆ ಎಷ್ಟು ಹೊರಳಾಡಿದರೂ ಅಷ್ಟೇ. ಇದು ನಿಮ್ಮೊಬ್ಬರ ದೋಷವಲ್ಲ. ರಾತ್ರಿ ಪಾಳಿಯವರಲ್ಲಿ ಹೆಚ್ಚಿನವರಿಗೆ ಹೀಗೇ ಆಗುತ್ತದೆ.

ಗಡಿಯಾರ ಸರಿಯುತ್ತದೆ, ಆದರೆ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ. ವಾರದ ಪಾಳಿಯಾದರೆ ಅದು ಹೊಂದಿಕೊಳ್ಳುವ ಹೊತ್ತಿಗೆ ಪಾಳಿಯೇ ಬದಲಾಗಿರುತ್ತದೆ. ಎರಡು ಮೂರು ರಾತ್ರಿಯ ಡ್ಯೂಟಿಗಾಗಿ ಇಡೀ ದಿನಚರಿ ತಲೆಕೆಳಗು ಮಾಡಲು ಹೋಗಬೇಡಿ. ನಿದ್ದೆಯ ಒಟ್ಟು ಗಂಟೆ ಹೇಗಾದರೂ ಕೂಡಿಸಿಕೊಂಡರೆ ಸಾಕು. ತಿಂಗಳುಗಟ್ಟಲೆ ರಾತ್ರಿಯೇ ಇರುವವರ ಲೆಕ್ಕ ಬೇರೆ, ಅದು ಮುಂದೆ ಬರುತ್ತದೆ.

ಹೆಜ್ಜೆ 1: ಮೊದಲ ರಾತ್ರಿಗೆ ಮಧ್ಯಾಹ್ನವೇ ತಯಾರಾಗಿ

ಮೊದಲ ರಾತ್ರಿಯೇ ಅತಿ ಕಷ್ಟದ್ದು. ಬೆಳಗ್ಗೆ ಆರಕ್ಕೆ ಎದ್ದವರು ಹಾಗೇ ಡ್ಯೂಟಿಗೆ ಹೋದರೆ, ನಸುಕಿನ ನಾಲ್ಕಕ್ಕೆ 22 ಗಂಟೆ ನಿದ್ದೆ ಇಲ್ಲದೆ ಕಳೆದಂತಾಯಿತು. ಆ ದಿನ ಬೆಳಗ್ಗೆ ಸ್ವಲ್ಪ ತಡವಾಗಿ ಏಳಿ. ಮಧ್ಯಾಹ್ನ ಊಟವಾದ ಮೇಲೆ ಎರಡರಿಂದ ನಾಲ್ಕರ ನಡುವೆ ಎಲ್ಲರಿಗೂ ಜೊಂಪು ಹತ್ತುತ್ತದೆ, ಅಲ್ವಾ? ಆಗಲೇ ಒಂದೂವರೆ ಗಂಟೆ ಮಲಗಿಬಿಡಿ. "ಸಂಜೆ ಮಲಗಿದರಾಯಿತು" ಅಂದುಕೊಂಡರೆ ಆಗುವುದಿಲ್ಲ. ಹಗಲು ದಿನಚರಿಯಲ್ಲಿ ಇರುವ ದೇಹ ಸಂಜೆ ಏಳೆಂಟರ ಹೊತ್ತಿಗೆ ಚುರುಕಾಗಿರುತ್ತದೆ, ಸುಮ್ನೆ ಕಣ್ಣು ಮುಚ್ಚಿ ಬಿದ್ದಿರಬೇಕಾಗುತ್ತದೆ.

ಹೆಜ್ಜೆ 2: ಡ್ಯೂಟಿಯಲ್ಲಿ ಕಾಫಿಗೆ ಹೊತ್ತು ಗೊತ್ತು ಮಾಡಿ

ಕಾಫಿ ಶಕ್ತಿ ಕೊಡುವುದಿಲ್ಲ. ಅಡಿನೋಸಿನ್ ಕೂರುವ ಜಾಗದಲ್ಲಿ ಕೆಫೀನ್ ಹೋಗಿ ಕೂತು, ನಿದ್ದೆಯ ಸುದ್ದಿ ಮಿದುಳಿಗೆ ಮುಟ್ಟದಂತೆ ಮಾಡುತ್ತದೆ ಅಷ್ಟೇ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಲೆಕ್ಕ ನೀವೇ ಹಾಕಿ. ನಸುಕಿನ ಐದಕ್ಕೆ ಕುಡಿದ ಸ್ಟ್ರಾಂಗ್ ಕಾಫಿಯಲ್ಲಿ ಅರ್ಧ, ಹತ್ತು ಗಂಟೆಗೆ ನೀವು ಹಾಸಿಗೆಯಲ್ಲಿರುವಾಗಲೂ ಮೈಯಲ್ಲೇ ಇರುತ್ತದೆ. ಹತ್ತರಿಂದ ಆರರ ಪಾಳಿಯಾದರೆ ಶುರುವಿನಲ್ಲಿ ಒಂದು ಕಪ್, ರಾತ್ರಿ ಎರಡು ಹೊಡೆಯುವ ಮುಂಚೆ ಇನ್ನೊಂದು. ಅಲ್ಲಿಗೆ ಮುಗಿಸಿ. ಟೀಗೂ ಇದೇ ಲೆಕ್ಕ. ಸಿಗರೇಟಿನ ನಿಕೋಟಿನ್ ಕೂಡ ನಿದ್ದೆ ಕೆಡಿಸುವಂಥದ್ದೇ, ಗುಟ್ಕಾ ಸಹ.

ಕಾಫಿಗಿಂತ ದೊಡ್ಡ ಮದ್ದು ಇಪ್ಪತ್ತು ನಿಮಿಷದ ನಿದ್ದೆ. ಬ್ರೇಕ್‌ನಲ್ಲಿ ಅವಕಾಶ ಇದ್ದರೆ ಅಲಾರಂ ಇಟ್ಟು ಮಲಗಿ. ಮುಕ್ಕಾಲು, ಒಂದು ಗಂಟೆ ಮಲಗಿದರೆ ಗಾಢ ನಿದ್ದೆಗೆ ಜಾರಿರುತ್ತೀರಿ. ಅಲ್ಲಿಂದ ಎದ್ದರೆ ಸ್ವಲ್ಪ ಹೊತ್ತು ತಲೆ ಓಡುವುದಿಲ್ಲ. ಕಾಫಿ ಕುಡಿದು ತಕ್ಷಣ ಮಲಗುವ ಉಪಾಯವೂ ಇದೆ. ಕೆಫೀನ್ ಕೆಲಸ ಶುರು ಮಾಡಲು ಇಪ್ಪತ್ತು ಮೂವತ್ತು ನಿಮಿಷ ತೆಗೆದುಕೊಳ್ಳುವುದರಿಂದ, ಏಳುವ ಹೊತ್ತಿಗೆ ಎರಡರ ಲಾಭವೂ ಸಿಗುತ್ತದೆ. ಡ್ಯೂಟಿಯಲ್ಲಿ ಕಣ್ಣು ಮುಚ್ಚಿದರೆ ಮೆಮೊ ಕೊಡುವ ಮೇಲಿನವರು ಇದನ್ನು ಓದಿದರೆ ಒಳ್ಳೆಯದು. ಕದ್ದು ತೂಕಡಿಸುವವರಿಗಿಂತ, ಹೇಳಿ ಇಪ್ಪತ್ತು ನಿಮಿಷ ಮಲಗಿ ಎದ್ದವರ ಕೈಯಲ್ಲಿ ಮಷಿನ್ ಕ್ಷೇಮ.

ಊಟವನ್ನು ಡ್ಯೂಟಿಗೆ ಹೋಗುವ ಮುಂಚೆಯೇ ಮುಗಿಸಿ. ನಡುರಾತ್ರಿ ಹೊಟ್ಟೆ ತುಂಬ ತಿಂದರೆ ದೇಹ ಆ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಎದೆ ಉರಿ, ತೂಕಡಿಕೆ ಬೇರೆ. ಮೂರು ಗಂಟೆಗೆ ಹಸಿವಾದರೆ ಮೊಳಕೆ ಕಾಳು, ಬಾಳೆಹಣ್ಣು, ಮಜ್ಜಿಗೆ, ಹುರಿಗಡಲೆ ಸಾಕು. ಕ್ಯಾಂಟೀನ್ ಪರೋಟ, ಆ ಹೊತ್ತಿಗೆ ಎಷ್ಟೇ ಘಮ್ ಅಂದರೂ ಬೇಡ.

ಪಾಳಿಯ ಮೊದಲರ್ಧದಲ್ಲಿ ಚೆನ್ನಾಗಿ ಬೆಳಕಿರುವ ಕಡೆ ಇರಿ. ಲೆಕ್ಕ ನೋಡುವುದು, ಔಷಧದ ಡೋಸ್ ಅಳೆಯುವುದು, ಮಷಿನ್ ಸೆಟ್ಟಿಂಗ್ ಬದಲಿಸುವುದು ಇಂಥ ಕೆಲಸಗಳನ್ನು ಸಾಧ್ಯವಾದರೆ ಮೂರು ಗಂಟೆಗೆ ಮುಂಚೆಯೇ ಮಾಡಿ ಮುಗಿಸಿ. ಆಗದಿದ್ದರೆ ಜೊತೆಯವರಿಗೆ ಇನ್ನೊಮ್ಮೆ ನೋಡಲು ಹೇಳಿ.

ಹೆಜ್ಜೆ 3: ಮನೆ ದಾರಿ

ಅಪಾಯ ಜಾಸ್ತಿ ಇರುವುದು ಇಲ್ಲೇ. ಸತತ 17 ಗಂಟೆ ಎದ್ದಿದ್ದವರ ಕೈ-ಕಣ್ಣಿನ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದವರಷ್ಟೇ ಕುಗ್ಗಿರುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಇರುವ ಮಿತಿ 30 ಮಿಲಿಗ್ರಾಂ. ಅಂದರೆ ಒಂದು ಹನಿ ಕುಡಿಯದವರೂ, ಕುಡಿದು ಸಿಕ್ಕಿಬಿದ್ದವರಿಗಿಂತ ಕಡೆಯಾಗಿ ಗಾಡಿ ಓಡಿಸುತ್ತಿರಬಹುದು. ಪೊಲೀಸರ ಯಂತ್ರಕ್ಕೆ ಮಾತ್ರ ಇದು ಕಾಣುವುದಿಲ್ಲ.

60 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಬೈಕ್ 65 ಮೀಟರ್‌ಗೂ ಹೆಚ್ಚು ಮುಂದೆ ಹೋಗಿರುತ್ತದೆ. ಮುಖಕ್ಕೆ ಗಾಳಿ, ಜೋರು ಹಾಡು, ಇವೆಲ್ಲ ಕೆಲವು ನಿಮಿಷದ ಮಾತು. ಆಕಳಿಕೆ ನಿಲ್ಲದಿದ್ದರೆ, ಹಿಂದಿನ ಸರ್ಕಲ್ ದಾಟಿದ್ದು ನೆನಪಿಲ್ಲದಿದ್ದರೆ, ಗಾಡಿ ಗೆರೆ ಬಿಟ್ಟು ಸರಿದರೆ, ಅಲ್ಲೇ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಇನ್ನೂ ಒಳ್ಳೆಯದು, ಹೊರಡುವ ಮುಂಚೆ ಕೆಲಸದ ಜಾಗದಲ್ಲೇ ಇಪ್ಪತ್ತು ನಿಮಿಷ ಮಲಗಿ ಬರುವುದು. ಬಸ್ಸು, ಕಂಪನಿ ಕ್ಯಾಬ್ ಇದ್ದರೆ ಬೈಕ್ ಮನೆಯಲ್ಲೇ ಇರಲಿ. ಕ್ಯಾಬ್ ಡ್ರೈವರ್ ಕೂಡ ನಿಮ್ಮಂತೆಯೇ ರಾತ್ರಿಯೆಲ್ಲ ಎದ್ದವರು, ಅದನ್ನೂ ಮರೆಯಬೇಡಿ. ಮುಂದಿನ ಸೀಟಿನಲ್ಲಿ ಕೂತವರು ಅವರೊಡನೆ ಮಾತಾಡುತ್ತಾ ಬನ್ನಿ.

ಬೇರೆಯವರು ಗಾಡಿ ಓಡಿಸುತ್ತಿದ್ದರೆ ನೀವು ಕಪ್ಪು ಕನ್ನಡಕ ಹಾಕಿಕೊಳ್ಳಿ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದಷ್ಟೂ ಒಳಗಿನ ಗಡಿಯಾರ ಹಗಲಿನ ಕಡೆಗೇ ಗಟ್ಟಿಯಾಗಿ ನಿಲ್ಲುತ್ತದೆ. ನೀವೇ ಓಡಿಸುತ್ತಿದ್ದರೆ ಕಪ್ಪು ಕನ್ನಡಕ ಬೇಡ, ತೂಕಡಿಕೆ ಇನ್ನೂ ಹೆಚ್ಚಬಹುದು.

ಹೆಜ್ಜೆ 4: ಕೋಣೆಯನ್ನು ರಾತ್ರಿ ಮಾಡಿ

ಕಿಟಕಿಗೆ ದಪ್ಪ ಪರದೆ ಹಾಕಿ. ದುಡ್ಡಿಲ್ಲದಿದ್ದರೆ ಹಳೆಯ ಕಂಬಳಿ, ಕಪ್ಪು ಕಾಗದ. ಅದೂ ಆಗದಿದ್ದರೆ ಕಣ್ಣಿಗೊಂದು ಬಟ್ಟೆ ಪಟ್ಟಿ. ಸದ್ದಿನದ್ದು ದೊಡ್ಡ ಗೋಳು. ಕಸದ ಗಾಡಿ, ಮೈಕಿನಲ್ಲಿ ಕೂಗುವ ತರಕಾರಿಯವರು, ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸುವ ಮಷಿನ್. ಕಿವಿಗೆ ಇಯರ್ ಪ್ಲಗ್ ಹಾಕಿ, ಫ್ಯಾನಿನ ಒಂದೇ ಸಮನೆ ಸದ್ದು ಇರಲಿ, ಸಣ್ಣ ಪುಟ್ಟ ಸದ್ದು ಅದರಲ್ಲಿ ಮುಚ್ಚಿಹೋಗುತ್ತದೆ.

ಬಳ್ಳಾರಿ, ರಾಯಚೂರಿನ ಕಡೆಯವರಿಗೆ ಇದಕ್ಕಿಂತ ದೊಡ್ಡ ಕಷ್ಟ ಬೇಸಿಗೆ. ನಿದ್ದೆ ಬರಬೇಕೆಂದರೆ ಮೈಯೊಳಗಿನ ಬಿಸಿ ಇಳಿಯಬೇಕು. ಹೊರಗೆ 40 ಡಿಗ್ರಿ ದಾಟಿದಾಗ, ಮೇಲೆ ತಗಡಿನ ಸೂರು ಇರುವಾಗ ಎಲ್ಲಿಂದ ಇಳಿದೀತು? ಮಹಡಿ ಕೋಣೆ ಬಿಟ್ಟು ನೆಲಮಟ್ಟದ, ಬಿಸಿಲು ನೇರ ಬೀಳದ ಕೋಣೆಗೆ ಹಾಸಿಗೆ ಇಳಿಸಿ. ಲಾವಂಚದ ಪರದೆಗೆ ನೀರು ಚಿಮುಕಿಸಿ. ಒಣ ಹವೆಯ ಊರಲ್ಲಿ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರು, ಕಾರವಾರದ ಸೆಕೆಗೆ ಅದರಿಂದ ಉಪಯೋಗವಿಲ್ಲ, ಅಲ್ಲಿ ಫ್ಯಾನ್ ಇಲ್ಲವೇ ಎಸಿಯೇ ಗತಿ. ಮಲಗುವ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ.

ಬೆಳಗ್ಗೆ ಬಂದು ಒಂದು ಪೆಗ್ ಹಾಕಿ ಮಲಗುವವರಿದ್ದಾರೆ. ಬೇಗ ನಿದ್ದೆ ಬರುವುದು ನಿಜ. ಎರಡು ಮೂರು ಗಂಟೆ ಕಳೆಯುವಷ್ಟರಲ್ಲೇ ಎಚ್ಚರ ಮಾಡಿಸುವುದೂ ಅದೇ ಪೆಗ್.

ಹೆಜ್ಜೆ 5: ಮನೆಯವರೊಡನೆ ಕೂತು ಮಾತಾಡಿ

ಪರದೆ, ಇಯರ್ ಪ್ಲಗ್ ಎಲ್ಲ ಸುಲಭ. ಹಗಲು ಮಲಗಿದವರನ್ನು "ಮನೆಯಲ್ಲೇ ಇದ್ದಾರಲ್ಲ" ಎಂದು ಲೆಕ್ಕ ಹಾಕುವ ರೂಢಿ ತಪ್ಪಿಸುವುದೇ ಕಷ್ಟ. ಸಿಲಿಂಡರ್ ಬಂತು, ಎದ್ದು ಬಾಗಿಲು ತೆಗಿ. ಕೊರಿಯರ್ ಒಟಿಪಿ ಹೇಳು. ನೆಂಟರು ಬಂದಿದ್ದಾರೆ, ಒಮ್ಮೆ ಮುಖ ತೋರಿಸಿ ಹೋಗು. ಹೊತ್ತು ಹುಟ್ಟಿದ ಮೇಲೆ ಮಲಗಿದರೆ ಮನೆಗೆ ದರಿದ್ರ ಎನ್ನುವ ಹಿರಿಯರೂ ಇದ್ದಾರೆ. ರಾತ್ರಿ ಎರಡು ಗಂಟೆಗೆ ಯಾರಾದರೂ ಇಂಥದ್ದಕ್ಕೆಲ್ಲ ಎಬ್ಬಿಸುತ್ತಾರೆಯೇ? ಪಾಳಿಯವರಿಗೆ ಬೆಳಗಿನ ಹನ್ನೊಂದು ಅಂದರೆ ಅದೇ ಹೊತ್ತು.

ಹೆಂಗಸರಿಗೆ ಇದು ಇನ್ನೂ ಬಿಗಿ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ವಾರ್ಡಿನಲ್ಲಿ ಓಡಾಡಿ ಬಂದ ಸ್ಟಾಫ್ ನರ್ಸ್, ಮನೆಗೆ ಬಂದು ತಿಂಡಿ ಮಾಡಿ, ಡಬ್ಬಿ ಕಟ್ಟಿ, ಪಾತ್ರೆ ತೊಳೆದು ಮಲಗುವಾಗ ಹನ್ನೊಂದು. ಮಗುವಿನ ಸ್ಕೂಲ್ ವ್ಯಾನ್ ಬರುವುದು ಮೂರೂವರೆಗೆ. ಎಲ್ಲಿದೆ ನಿದ್ದೆ? ಅದೇ ಮನೆಯಲ್ಲಿ ಗಂಡನಿಗೆ ನೈಟ್ ಡ್ಯೂಟಿ ಇದ್ದರೆ "ಶ್, ಅಪ್ಪ ಮಲಗಿದ್ದಾರೆ" ಎಂದು ಮಕ್ಕಳನ್ನು ಸುಮ್ಮನಿರಿಸುತ್ತಾರೆ. ಈ ಶ್ ಅಮ್ಮನಿಗೂ ಸಿಗಬೇಕು.

ನೈಟ್ ಶುರುವಾಗುವ ಹಿಂದಿನ ದಿನ ಎಲ್ಲರೂ ಕೂತು ಒಂದು ಪಟ್ಟಿ ಬರೆದು ಫ್ರಿಜ್‌ಗೆ ಅಂಟಿಸಿ. ಎಂಟಕ್ಕೆ ಡ್ಯೂಟಿ ಬಿಡುವವರಿಗೆ ಹೀಗಿರಬಹುದು: ಒಂಬತ್ತಕ್ಕೆ ಎರಡು ಇಡ್ಲಿಯಂಥ ಹಗುರ ತಿಂಡಿ, ಒಂಬತ್ತೂವರೆಯಿಂದ ಎರಡೂವರೆವರೆಗೆ ನಿದ್ದೆ, ಆಮೇಲೆ ಊಟ, ಮಕ್ಕಳು, ಮನೆಕೆಲಸ. ಸಂಜೆ ಐದೂವರೆಯಿಂದ ಇನ್ನೊಂದು ಗಂಟೆ ನಿದ್ದೆ. ಒಂದೇ ಸಲ ಏಳು ಗಂಟೆ ಸಿಗದಿದ್ದರೆ ಹೀಗೆ ಎರಡು ತುಂಡು ಮಾಡಿಕೊಳ್ಳುವುದು ತಪ್ಪಲ್ಲ. ತಿಂಡಿ ಮತ್ತು ಡಬ್ಬಿ ಆ ವಾರ ಬೇರೆಯವರ ಪಾಲಿಗೆ ಹೋಗಲಿ. ಕುಕ್ಕರ್ ಒಂಬತ್ತರೊಳಗೆ ಕೂಗಿ ಮುಗಿಯಲಿ. ಬಾಗಿಲ ಬೆಲ್ ಆಫ್ ಮಾಡಿ, ಕೊರಿಯರ್‌ಗೆ ಬೇರೆಯವರ ನಂಬರ್ ಕೊಡಿ. ಫೋನನ್ನು ಡು ನಾಟ್ ಡಿಸ್ಟರ್ಬ್‌ಗೆ ಹಾಕಿ, ಮನೆಯವರ ಮತ್ತು ಶಾಲೆಯ ನಂಬರ್ ಮಾತ್ರ ಕರೆ ಬರುವಂತೆ ಬಿಡಿ. ಪಿಜಿಯಲ್ಲಿ ಇರುವವರು ಅದೇ ಪಾಳಿಯವರನ್ನೇ ರೂಮಿಗೆ ಕೇಳಿ ಪಡೆಯಿರಿ.

ಹೆಜ್ಜೆ 6: ವಾರದ ರಜೆ, ಪಾಳಿ ಬದಲು

ರಜೆ ಮುಗಿದ ಮೇಲೆ ಹಗಲಿನ ಪಾಳಿ ಇದ್ದರೆ, ಕೊನೆಯ ನೈಟ್ ಮುಗಿಸಿ ಬಂದ ದಿನ ಮೂರು ಗಂಟೆ ಮಾತ್ರ ಮಲಗಿ. ಮಧ್ಯಾಹ್ನ ಎದ್ದು ಬಿಸಿಲಲ್ಲಿ ಓಡಾಡಿ, ರಾತ್ರಿ ಒಂಬತ್ತಕ್ಕೆ ಮಲಗಿದರೆ ಹಗಲಿಗೆ ಬೇಗ ಮರಳುತ್ತೀರಿ. ಮತ್ತೆ ನೈಟೇ ಇರುವವರು, ಅದರಲ್ಲೂ ತಿಂಗಳುಗಟ್ಟಲೆ ರಾತ್ರಿ ದುಡಿಯುವವರು, ಪೂರ್ತಿ ತಿರುಗಬೇಡಿ. ರಜೆಯಲ್ಲೂ ನಸುಕಿನ ಮೂರರಿಂದ ಹನ್ನೆರಡರವರೆಗೆ ಮಲಗಿ. ಆಗ ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡು ಎಲ್ಲ ದಿನವೂ ನಿದ್ದೆಯ ಹೊತ್ತೇ ಆಗಿ, ಗಡಿಯಾರಕ್ಕೆ ಒಂದು ಆಧಾರ ಸಿಗುತ್ತದೆ. ಭಾನುವಾರದ ಮದುವೆ ಊಟಕ್ಕೂ ಹೊತ್ತಿಗೆ ಸರಿಯಾಗಿ ಎದ್ದಿರುತ್ತೀರಿ.

ಪಾಳಿ ಪಟ್ಟಿ ಮಾಡುವವರ ಹತ್ತಿರ ಒಂದು ಬೇಡಿಕೆ ಇಡಿ. ಬೆಳಗು, ಮಧ್ಯಾಹ್ನ, ರಾತ್ರಿ ಈ ಕ್ರಮದಲ್ಲಿ ಪಾಳಿ ಮುಂದಕ್ಕೆ ಸರಿಯಲಿ. ಹೆಚ್ಚಿನವರ ದೇಹದ ಗಡಿಯಾರ 24 ಗಂಟೆಗಿಂತ ತುಸು ನಿಧಾನ, ಹಾಗಾಗಿ ತಡವಾಗಿ ಮಲಗುವುದು ಬೇಗ ಮಲಗುವುದಕ್ಕಿಂತ ಸುಲಭ. ದುಡ್ಡಿನಾಸೆಗೆ ಡಬಲ್ ಡ್ಯೂಟಿ ಮಾಡುವವರಿಗೆ ಏನು ಹೇಳುವುದು? ಮಾಡಲೇಬೇಕಿದ್ದರೆ ನೈಟ್ ಜೊತೆ ಮಾತ್ರ ಬೇಡ.

ಹೆಜ್ಜೆ 7: ಡಾಕ್ಟರನ್ನು ಕಾಣುವುದು ಯಾವಾಗ?

ಇಷ್ಟೆಲ್ಲ ಮಾಡಿಯೂ ಮೂರು ತಿಂಗಳಿಂದ ಹಗಲು ನಿದ್ದೆ ಬಾರದೆ, ಕೆಲಸದಲ್ಲಿ ತೂಕಡಿಕೆ ಬಿಡದೆ ಇದ್ದರೆ ಅದಕ್ಕೆ ಚಿಕಿತ್ಸೆ ಇದೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರು ಮೂರು ತಿಂಗಳು ಕಾಯಬೇಡಿ. ನಿದ್ದೆ ಮಾತ್ರೆಯನ್ನಾಗಲೀ ಮೆಲಟೋನಿನ್ ಮಾತ್ರೆಯನ್ನಾಗಲೀ ಮೆಡಿಕಲ್ ಶಾಪಿನಲ್ಲಿ ಕೇಳಿ ನೀವೇ ನುಂಗಬೇಡಿ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ರಾತ್ರಿ ಪಾಳಿಯನ್ನು 2007ರಲ್ಲಿ "ಬಹುಶಃ ಕ್ಯಾನ್ಸರ್‌ಕಾರಕ" ಎಂಬ ಗುಂಪಿಗೆ ಸೇರಿಸಿತು, 2019ರಲ್ಲೂ ಅಲ್ಲೇ ಉಳಿಸಿತು. ಕುರಿ, ದನದ ಮಾಂಸವೂ ಅದೇ ಗುಂಪಿನಲ್ಲಿದೆ, ಗಾಬರಿ ಬೇಡ. ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ಪರೀಕ್ಷೆ ಮಾತ್ರ ತಪ್ಪಿಸಬೇಡಿ.

ಡಾಕ್ಟರ ಹತ್ತಿರ ಹೋಗುವಾಗ ಎರಡು ವಾರದ ಲೆಕ್ಕ ಬರೆದುಕೊಂಡು ಹೋಗಿ: ಯಾವ ಪಾಳಿ, ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ, ಎಷ್ಟು ಕಾಫಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರು ನೈಟ್ ಇರುವ ವಾರ ಅದರ ಹೊತ್ತು ಹೇಗೆ ಎಂದು ಕೇಳಿ ಬರೆಸಿಕೊಳ್ಳಿ. ಫಿಟ್ಸ್ ಇರುವವರಿಗೆ ನಿದ್ದೆಗೇಡೇ ಫಿಟ್ಸ್ ತರಿಸಬಹುದು. ಅಂಥವರು, ಗರ್ಭಿಣಿಯರು ರಾತ್ರಿ ಪಾಳಿಯ ವಿಷಯ ಡಾಕ್ಟರಿಗೆ ಮೊದಲೇ ತಿಳಿಸಿ, ಪಾಳಿ ಬದಲಿಸಲು ಪತ್ರ ಬೇಕಿದ್ದರೆ ಅಲ್ಲೇ ಕೇಳಿ ಪಡೆಯಿರಿ.