ಜೈವಿಕ ತುರ್ತುಸ್ಥಿತಿಗೆ ಆಸ್ಪತ್ರೆ ಎಷ್ಟು ಸಜ್ಜಾಗಿದೆ? ಪರಿಶೀಲಿಸುವ ಕ್ರಮ

ಹೊಸ ವೈರಸ್ಸಿನ ಸೋಂಕಾಗಲಿ, ಉದ್ದೇಶಪೂರ್ವಕವಾಗಿ ಹರಡಿದ ರೋಗಾಣುವಾಗಲಿ, ಜೈವಿಕ ತುರ್ತುಸ್ಥಿತಿಯ ಮೊದಲ ಹೊಡೆತ ಬೀಳುವುದು ಆಸ್ಪತ್ರೆಯ ಮೇಲೆ. ಅದನ್ನು ತಾಳಿಕೊಳ್ಳುವ ಸಿದ್ಧತೆ ಇದೆಯೇ ಎಂದು ನೋಡಲು ಬರುವ ತಂಡಗಳು ಸಾಮಾನ್ಯವಾಗಿ ಸಭಾಂಗಣದಲ್ಲಿ ಕುಳಿತು, ಪಟ್ಟಿಯನ್ನು ಮುಂದಿಟ್ಟುಕೊಂಡು, ಪ್ರತ್ಯೇಕ ಕೊಠಡಿ ಇದೆಯೇ, ರಕ್ಷಣಾ ಕಿಟ್‌ಗಳಿವೆಯೇ, ತರಬೇತಿ ಆಗಿದೆಯೇ ಎಂದು ಕೇಳುತ್ತವೆ. ಎದುರಿಗಿದ್ದವರು ಎಲ್ಲದಕ್ಕೂ ಹೌದೆನ್ನುತ್ತಾರೆ, ಸಂಜೆಯೊಳಗೆ ವರದಿ ಸಿದ್ಧವಾಗುತ್ತದೆ. ಇಂಥ ಪರಿಶೀಲನೆಗಳನ್ನು ಹತ್ತಿರದಿಂದ ನೋಡಿದ ಮೇಲೆ ನನ್ನ ಸಲಹೆ ಒಂದೇ: ಪಟ್ಟಿಯಲ್ಲಿ ‘ಇದೆಯೇ’ ಎಂದಿರುವ ಕಡೆಯಲ್ಲೆಲ್ಲ ‘ಮಾಡಿ ತೋರಿಸಿ’ ಎಂದು ಬರೆದುಕೊಳ್ಳಿ.

ಮೊದಲು ತಂಡವನ್ನು ಕಟ್ಟಿ. ಸೋಂಕು ನಿಯಂತ್ರಣದ ಹೊಣೆ ಹೊತ್ತ ನರ್ಸ್, ತುರ್ತು ಚಿಕಿತ್ಸೆಯಲ್ಲಿ ಪಳಗಿದ ವೈದ್ಯರು, ಕಟ್ಟಡದ ಗಾಳಿ ವ್ಯವಸ್ಥೆಯನ್ನು ಬಲ್ಲ ಎಂಜಿನಿಯರ್ ಮತ್ತು ಆ ಆಸ್ಪತ್ರೆಗೆ ಸೇರದ ಒಬ್ಬರು ಇದ್ದರೆ ಸಾಕು. ಯಾವ ವಿಭಾಗವನ್ನು ಪರಿಶೀಲಿಸುತ್ತೀರೋ ಅದರ ಮುಖ್ಯಸ್ಥರ ಕೈಗೆ ಅಂಕಪಟ್ಟಿಯನ್ನು ಕೊಡಬೇಡಿ.

ಬಳಿಕ ಯಾವ ಅಪಾಯದ ವಿರುದ್ಧ ಅಳೆಯುತ್ತೀರಿ ಎಂಬುದನ್ನು ನಿರ್ಧರಿಸಿ. ದಡಾರ ಅಥವಾ ಮೆರ್ಸ್‌ನಂತೆ (ಒಂದು ಬಗೆಯ ಕೊರೊನಾವೈರಸ್ಸಿನಿಂದ ಬರುವ ಉಸಿರಾಟದ ಕಾಯಿಲೆ) ಉಸಿರಿನ ಮೂಲಕ ಹರಡುವುದು ಒಂದು, ಎಬೋಲಾದಂತೆ ದೇಹದ್ರವಗಳ ಸಂಪರ್ಕದಿಂದ ಹರಡುವುದು ಇನ್ನೊಂದು, ಶ್ವಾಸಕೋಶದ ಆಂಥ್ರಾಕ್ಸ್‌ನಂತೆ ಮನುಷ್ಯರಿಂದ ಮನುಷ್ಯರಿಗೆ ಹರಡದಿರುವುದು ಮತ್ತೊಂದು. 2001ರಲ್ಲಿ ಅಮೆರಿಕದಲ್ಲಿ ಅಂಚೆಯ ಮೂಲಕ ಆಂಥ್ರಾಕ್ಸ್ ಪುಡಿಯನ್ನು ಕಳುಹಿಸಿದಾಗ 22 ಮಂದಿ ಸೋಂಕಿಗೆ ಒಳಗಾಗಿ, ಅವರಲ್ಲಿ ಐವರು ಸತ್ತರು. ಅಲ್ಲಿ ಮುಖ್ಯವಾಗಿದ್ದದ್ದು ಪ್ರತ್ಯೇಕ ಕೊಠಡಿಯಲ್ಲ. ರೋಗವನ್ನು ಬೇಗ ಗುರುತಿಸುವುದು ಮತ್ತು ಸೋಂಕಿಗೆ ಒಡ್ಡಿಕೊಂಡವರೆಲ್ಲರಿಗೂ ತ್ವರಿತವಾಗಿ ಆಂಟಿಬಯೋಟಿಕ್ ತಲುಪಿಸುವುದು. ಮೂರಕ್ಕೂ ಒಂದೇ ಪಟ್ಟಿಯನ್ನು ಬಳಸಿದರೆ ಮೂರನ್ನೂ ಅರ್ಧಂಬರ್ಧ ಅಳೆದಂತಾಗುತ್ತದೆ.

ಕಡತಗಳನ್ನು ಓದಲು ಒಂದು ಬೆಳಗಿನ ಹೊತ್ತು ಸಾಕು. ಸ್ಟೋರಿನಲ್ಲಿ ಪೆಟ್ಟಿಗೆಗಳನ್ನು ಎಣಿಸಿ ಬರಬೇಡಿ, ಒಂದೆರಡನ್ನು ಬಿಚ್ಚಿಸಿ. ಎಲಾಸ್ಟಿಕ್ ಸತ್ತುಹೋದ, ಮುಖಕ್ಕೆ ಬಿಗಿಯಾಗಿ ಕೂರದ ಎನ್95 ಮಾಸ್ಕ್‌ಗಳನ್ನು ದಾಸ್ತಾನಿನ ಲೆಕ್ಕದಿಂದಲೇ ತೆಗೆದುಹಾಕಿ. ಅಂಚಿನಿಂದ ಗಾಳಿ ಒಳನುಗ್ಗುವ ಮಾಸ್ಕಿನ ಶೋಧಕ ಎಷ್ಟು ಒಳ್ಳೆಯದಾಗಿದ್ದರೂ ಪ್ರಯೋಜನವಿಲ್ಲ. ಎಲ್ಲವೂ ಒಂದೇ ಅಳತೆಯ ಗೌನ್‌ಗಳಾಗಿದ್ದರೆ ಅದನ್ನೂ ದಾಖಲಿಸಿ. ಬಾಗಿಲಲ್ಲಿ ಜನರ ಮೇಲೆ ಸೋಂಕುನಿವಾರಕ ಸಿಂಪಡಿಸುವ ಸುರಂಗವನ್ನು ಹೆಮ್ಮೆಯಿಂದ ತೋರಿಸಿದರೆ ಅದಕ್ಕೆ ಅಂಕ ಕೊಡಲೇಬೇಡಿ. ಮನುಷ್ಯರ ಮೇಲೆ ಸೋಂಕುನಿವಾರಕ ಸಿಂಪಡಿಸುವುದನ್ನು ಯಾವ ಸಂದರ್ಭದಲ್ಲೂ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ.

ಇನ್ನು ನಿಜವಾದ ಪರೀಕ್ಷೆ. ಹೆಚ್ಚಿನವರು ಕೆಡಿಸುವುದು ಇದನ್ನೇ: ಮುನ್ಸೂಚನೆಯಿಲ್ಲದೆ ಒಬ್ಬ ಅಣಕು ರೋಗಿಯನ್ನು ಮುಂಬಾಗಿಲಿನಿಂದ ಒಳಗೆ ಕಳುಹಿಸುವುದು. ದಿನಾಂಕವನ್ನು ಮೊದಲೇ ಸುತ್ತೋಲೆಯಲ್ಲಿ ತಿಳಿಸಿ ನಡೆಸುವ ಅಭ್ಯಾಸದಿಂದ ಸಿಬ್ಬಂದಿಗೆ ಕಲಿಕೆಯಾಗಬಹುದು, ಆದರೆ ಆಸ್ಪತ್ರೆಯ ಸಿದ್ಧತೆ ಅದರಿಂದ ತಿಳಿಯುವುದಿಲ್ಲ. ವಿಷಯ ಆಸ್ಪತ್ರೆಯ ಮುಖ್ಯಸ್ಥರಿಗೂ ಸೋಂಕು ನಿಯಂತ್ರಣ ಅಧಿಕಾರಿಗೂ ಮಾತ್ರ ಗೊತ್ತಿರಲಿ. ಅಣಕು ರೋಗಿಯ ಜೇಬಿನಲ್ಲಿ ಅವರಿಬ್ಬರು ಸಹಿ ಮಾಡಿದ ಪತ್ರವಿರಲಿ. ಸೂಜಿ ಚುಚ್ಚುವ ಹಂತ ಬಂದರೆ ಅಥವಾ ನಿಜವಾದ ರೋಗಿಯೊಬ್ಬರ ಚಿಕಿತ್ಸೆಗೆ ಅಡ್ಡಿಯಾಗುವಂತಿದ್ದರೆ ‘ಇದು ಅಭ್ಯಾಸ’ ಎಂದು ಹೇಳಿ ಆ ಕ್ಷಣವೇ ನಿಲ್ಲಿಸಬೇಕು. ನಿರೀಕ್ಷಣಾ ಕೊಠಡಿಯಲ್ಲಿರುವ ಇತರರು ಗಾಬರಿಯಾಗುವಂಥ ಮಾತನ್ನು ಗಟ್ಟಿಯಾಗಿ ಆಡಬಾರದು.

ರೋಗಿಯ ಕಥೆ ಸರಳವಾಗಿರಲಿ: ಮೂರು ದಿನದ ಜ್ವರ, ಕೆಮ್ಮು, ಇತ್ತೀಚೆಗೆ ಸೋಂಕಿರುವ ಪ್ರದೇಶಕ್ಕೆ ಹೋಗಿಬಂದದ್ದು. ಆದರೆ ಪ್ರಯಾಣದ ಮಾತನ್ನು ಕೇಳಿದರೆ ಮಾತ್ರ ಹೇಳಬೇಕು. ತಾನಾಗಿಯೇ ಹೇಳಿಬಿಟ್ಟರೆ ಇಡೀ ಪರೀಕ್ಷೆ ವ್ಯರ್ಥ. ಸಂಬಂಧಿಯಂತೆ ಜೊತೆಗೆ ಕುಳಿತ ಇನ್ನೊಬ್ಬರು ಗಡಿಯಾರ ನೋಡುತ್ತ ಐದು ಹೊತ್ತುಗಳನ್ನು ಗುರುತಿಸಿಕೊಳ್ಳಬೇಕು: ಒಳಗೆ ಬಂದದ್ದು, ಪ್ರಯಾಣದ ಬಗ್ಗೆ ಯಾರಾದರೂ ಕೇಳಿದ್ದು, ಮಾಸ್ಕ್ ಕೊಟ್ಟದ್ದು, ಪ್ರತ್ಯೇಕ ಕೊಠಡಿಗೆ ಕರೆದೊಯ್ದದ್ದು, ಮೇಲಿನವರಿಗೆ ತಿಳಿಸಿದ್ದು. ನ್ಯೂಯಾರ್ಕ್ ನಗರದ 49 ಆಸ್ಪತ್ರೆಗಳಲ್ಲಿ 2015-16ರಲ್ಲಿ ಇಂಥ 95 ಪರೀಕ್ಷೆಗಳು ನಡೆದವು. ಅಲ್ಲಿ ಮಾಸ್ಕ್ ಕೊಡಲು ತೆಗೆದುಕೊಂಡ ಮಧ್ಯಕ ಅವಧಿ (ಎಲ್ಲ ಅವಧಿಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವುದು) ಒಂದೂವರೆ ನಿಮಿಷ, ಪ್ರತ್ಯೇಕಿಸಲು ಎಂಟೂವರೆ ನಿಮಿಷ. ನಿಮ್ಮ ಅಂಕೆಗಳನ್ನು ಹೋಲಿಸಲು ಇದೊಂದು ಅಳತೆಗೋಲು. ಅಲ್ಲಿಯೂ ಸಿಬ್ಬಂದಿ ನಿಯಮದಂತೆ ಕೈ ಶುಚಿಗೊಳಿಸಿಕೊಂಡದ್ದು ಕಂಡುಬಂದದ್ದು ನೂರಕ್ಕೆ 36ರಷ್ಟು ಪರೀಕ್ಷೆಗಳಲ್ಲಿ ಮಾತ್ರ ಎಂಬುದನ್ನು ನೆನಪಿಡಿ ಮತ್ತು ಕೈಗಳ ಮೇಲೂ ಕಣ್ಣಿಡಿ.

ಗಡಿಯಾರಕ್ಕಿಂತ ಮುಖ್ಯವಾದದ್ದು ಮಾಹಿತಿಯ ದಾರಿ. ನೋಂದಣಿ ಕೌಂಟರಿನಲ್ಲಿ ಬರೆದುಕೊಂಡ ಪ್ರಯಾಣದ ವಿವರ ವೈದ್ಯರನ್ನು ತಲುಪಿತೇ? 2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಲೈಬೀರಿಯಾದಿಂದ ಬಂದ ಜ್ವರಪೀಡಿತನೊಬ್ಬನ ಪ್ರಯಾಣದ ವಿವರ ಆಸ್ಪತ್ರೆಯಲ್ಲಿ ದಾಖಲಾಗಿತ್ತು. ಆದರೂ ಆತನಿಗೆ ಆಂಟಿಬಯೋಟಿಕ್ ಕೊಟ್ಟು ಮನೆಗೆ ಕಳುಹಿಸಲಾಯಿತು. ಮೂರು ದಿನಗಳ ನಂತರ ಆತ ಆಂಬುಲೆನ್ಸ್‌ನಲ್ಲಿ ಮರಳಿದಾಗ ಅದು ಎಬೋಲಾ ಎಂದು ತಿಳಿಯಿತು. ಆತ ಬದುಕಲಿಲ್ಲ, ಆರೈಕೆ ಮಾಡಿದ ಇಬ್ಬರು ನರ್ಸ್‌ಗಳಿಗೂ ಸೋಂಕು ತಗುಲಿತು. ಆದುದರಿಂದ ಅಣಕು ರೋಗಿಯ ಚೀಟಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲಿ ನಿಂತಿತು ಎಂಬುದನ್ನು ಹೆಜ್ಜೆ ಹೆಜ್ಜೆಗೂ ಬರೆದಿಡಿ. ಜೊತೆಗೆ, ಪಕ್ಕದ ಕುರ್ಚಿಗಳಲ್ಲಿ ಕುಳಿತಿದ್ದವರ ಪಟ್ಟಿಯನ್ನು ಯಾರಾದರೂ ಮಾಡಿದರೇ ಎಂದು ನೋಡಿ. ದಕ್ಷಿಣ ಕೊರಿಯಾದಲ್ಲಿ 2015ರಲ್ಲಿ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕದಲ್ಲಿದ್ದ ಒಬ್ಬನೇ ರೋಗಿಯಿಂದ 82 ಮಂದಿಗೆ ಮೆರ್ಸ್ ತಗುಲಿತ್ತು. ಅವರಲ್ಲಿ ಅರ್ಧದಷ್ಟು ಮಂದಿ ರೋಗಿಗಳನ್ನು ನೋಡಲು ಬಂದಿದ್ದವರು.

ಇದೇ ಪರೀಕ್ಷೆಯನ್ನು ಜನದಟ್ಟಣೆಯ ಬೆಳಿಗ್ಗೆ ಒಮ್ಮೆ, ರಾತ್ರಿ ಪಾಳಿಯಲ್ಲಿ ಇನ್ನೊಮ್ಮೆ ಮಾಡಿ. ಒಂದನ್ನೇ ಮಾಡಲು ಸಾಧ್ಯವೆಂದಾದರೆ ರಾತ್ರಿಯನ್ನೇ ಆರಿಸಿ. ಮುಗಿದ ಕೂಡಲೇ ಅಲ್ಲಿದ್ದವರನ್ನು ಸೇರಿಸಿ ಮಾತನಾಡಿ. ತಪ್ಪಿದವರ ಹೆಸರನ್ನು ವರದಿಯಲ್ಲಿ ಬರೆಯಬಾರದು. ಹೆಸರು ಬರೆದರೆ ಮುಂದಿನ ಸಲ ಎಲ್ಲರೂ ಸತ್ಯವನ್ನು ಮುಚ್ಚಿಡುತ್ತಾರೆ.

ಮುಂದಿನದು ರಕ್ಷಣಾ ಉಡುಪನ್ನು ಕಳಚುವ ಪರೀಕ್ಷೆ. ತೊಡುವುದನ್ನು ಎಲ್ಲರೂ ಚೆನ್ನಾಗಿ ತೋರಿಸುತ್ತಾರೆ. ಸೋಂಕು ಮೈಗಂಟುವುದು ಹೆಚ್ಚಾಗಿ ಕಳಚುವಾಗ. ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಲೇಪವನ್ನು ಗ್ಲೌಸ್ ಮತ್ತು ಗೌನಿನ ಮೇಲೆ ಹಚ್ಚಿ, ಕಳಚಿದ ಬಳಿಕ ದೀಪ ಹಿಡಿದು ಮಣಿಕಟ್ಟು, ಕುತ್ತಿಗೆ, ಕೆನ್ನೆಗಳನ್ನು ನೋಡಿ. ಹಂತಗಳನ್ನು ಒಬ್ಬರು ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಇಲ್ಲದಿದ್ದರೆ ಅದನ್ನು ದೊಡ್ಡ ಕೊರತೆಯೆಂದೇ ಪರಿಗಣಿಸಿ. ಉಸಿರಿನಿಂದ ಹರಡುವ ರೋಗವಾದರೆ ಮಾಸ್ಕನ್ನು ಕೊಠಡಿಯಿಂದ ಹೊರಬಂದು ಬಾಗಿಲು ಮುಚ್ಚಿದ ಮೇಲೆಯೇ ತೆಗೆಯಬೇಕು. ಈ ಪರೀಕ್ಷೆಯನ್ನು ವೈದ್ಯರಿಗೂ ನರ್ಸ್‌ಗಳಿಗೂ ಮಾತ್ರ ಮಾಡಿ ನಿಲ್ಲಿಸಬೇಡಿ. ನೆಲ ಒರೆಸುವವರು, ಕಸ ಸಾಗಿಸುವವರು, ಆಂಬುಲೆನ್ಸ್ ಚಾಲಕರು ಅದೇ ಗಾಳಿಯಲ್ಲಿ ಉಸಿರಾಡುತ್ತಾರೆ.

ಉಸಿರಿನಿಂದ ಹರಡುವ ರೋಗದ ಪ್ರತ್ಯೇಕ ಕೊಠಡಿಯ ಗಾಳಿ ಹೊರಗೆ ನುಸುಳದಂತೆ ಒಳಗಿನ ಒತ್ತಡವನ್ನು ಕಡಿಮೆ ಇಟ್ಟಿರುತ್ತಾರೆ; ಅದನ್ನು ತೋರಿಸುವ ಗೋಡೆಯ ಮೇಲಿನ ಮಾಪಕವನ್ನು ಮಾತ್ರ ನಂಬಬೇಡಿ. ಮುಚ್ಚಿದ ಬಾಗಿಲಿನ ಕೆಳಸಂದಿಯ ಬಳಿ ತೆಳುವಾದ ಕಾಗದದ ಪಟ್ಟಿಯನ್ನು ಹಿಡಿದರೆ ಅದು ಒಳಮುಖವಾಗಿ ಎಳೆದುಕೊಳ್ಳಬೇಕು. ಹೊಸದಾಗಿ ಕಟ್ಟಿದ ಇಂಥ ಕೊಠಡಿಯಲ್ಲಿ ಗಂಟೆಗೆ 12 ಬಾರಿ ಗಾಳಿ ಬದಲಾಗಬೇಕು. ಆ ವೇಗದಲ್ಲೂ ರೋಗಿ ಹೋದ ಮೇಲೆ ಗಾಳಿಯಲ್ಲಿ ತೇಲುವ ಕಣಗಳಲ್ಲಿ ನೂರಕ್ಕೆ 99.9ರಷ್ಟು ಹೊರಹೋಗಲು ಸುಮಾರು 35 ನಿಮಿಷ ಬೇಕು. ಆ ಹೊತ್ತಿನವರೆಗೆ ಯಾರೂ ಮಾಸ್ಕಿಲ್ಲದೆ ಒಳಹೋಗದಂತೆ ತಡೆಯುವವರು ಯಾರು ಎಂದು ಕೇಳಿ.

ಹಾಸಿಗೆಗಳ ಸಂಖ್ಯೆಯನ್ನು ಕೇಳುವಾಗ ಪ್ರತಿ ಪಾಳಿಗೆ ಎಷ್ಟು ನರ್ಸ್‌ಗಳು ಸಿಗುತ್ತಾರೆ ಎಂಬುದನ್ನೂ ಕೇಳಿ, ಇಬ್ಬರಲ್ಲಿ ಒಬ್ಬರು ಕ್ವಾರಂಟೈನ್‌ಗೆ ಹೋದರೆ ಉಳಿಯುವುದೆಷ್ಟು ಎಂದು ಅವರಿಂದಲೇ ಲೆಕ್ಕ ಹಾಕಿಸಿ. ಅಣಕು ಪರೀಕ್ಷೆಯಲ್ಲಿ ಒಬ್ಬ ರೋಗಿಗೆ ಖರ್ಚಾದ ಗ್ಲೌಸ್ ಮತ್ತು ಗೌನ್‌ಗಳನ್ನು ಎಣಿಸಿ ದಾಸ್ತಾನಿನೊಂದಿಗೆ ಹೋಲಿಸಿದರೆ ಅದು ಎಷ್ಟು ದಿನ ಬರುತ್ತದೆಂಬುದು ಸ್ಪಷ್ಟವಾಗುತ್ತದೆ. ಮಾದರಿಯನ್ನು ಮೂರು ಪದರಗಳಲ್ಲಿ ಕಟ್ಟಿ ಪ್ರಯೋಗಾಲಯಕ್ಕೆ ಕಳುಹಿಸುವುದನ್ನೂ ನಿಮ್ಮೆದುರೇ ಮಾಡಿಸಿ. ಗೋಡೆಗೆ ಅಂಟಿಸಿರುವ ತುರ್ತು ದೂರವಾಣಿ ಸಂಖ್ಯೆಗಳಿಗೆ ನಡುರಾತ್ರಿ ಕರೆ ಮಾಡಿ. ಉತ್ತರ ಬಾರದ ಸಂಖ್ಯೆಯನ್ನು ಅಲ್ಲೇ ಹೊಡೆದುಹಾಕಿಸಿ.

ವರದಿಯಲ್ಲಿ ಒಟ್ಟು ಅಂಕ ಕೊಡಬೇಡಿ. ಸ್ಟೋರಿನಲ್ಲಿ ಬಂದ ಪೂರ್ಣಾಂಕವು ಬಾಗಿಲಲ್ಲಿ ಕಂಡ ವೈಫಲ್ಯವನ್ನು ಮರೆಮಾಚುತ್ತದೆ. ಪ್ರತಿ ಕೊರತೆಯ ಎದುರು ಅದನ್ನು ಸರಿಪಡಿಸುವ ಹುದ್ದೆ ಮತ್ತು ಗಡುವನ್ನು ಬರೆದು, ಆ ಗಡುವು ಮುಗಿದ ವಾರವೇ ಮತ್ತೆ ಹೇಳದೆ ಹೋಗಿ ಅದಷ್ಟನ್ನೇ ಪರೀಕ್ಷಿಸಿ. ಸಿಬ್ಬಂದಿ ದೊಡ್ಡ ಪ್ರಮಾಣದಲ್ಲಿ ಬದಲಾದಾಗ ಅಥವಾ ತುರ್ತು ಘಟಕವನ್ನು ಬೇರೆಡೆಗೆ ಸ್ಥಳಾಂತರಿಸಿದಾಗ ಹಿಂದಿನ ಫಲಿತಾಂಶವನ್ನು ಬದಿಗಿಟ್ಟು ಅಣಕು ರೋಗಿಯ ಪರೀಕ್ಷೆಯನ್ನು ಹೊಸದಾಗಿ ನಡೆಸಬೇಕು.