ಕಾಂಟ್ಯಾಕ್ಟ್ ಲೆನ್ಸ್ ಕೊಳ್ಳುವಾಗ ‘ನಾಳೆ ಬನ್ನಿ’ಯಿಂದ ಪಾರಾಗುವ ಬಗೆ

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಾಗಲಿ ಕನ್ನಡಕದ ಅಂಗಡಿಗಳಿಗೆ ಕೊರತೆಯಿಲ್ಲ. ಆದರೆ ಕಾಂಟ್ಯಾಕ್ಟ್ ಲೆನ್ಸ್ ಕೇಳಿದಾಗ, ಅದರಲ್ಲೂ ಪವರ್ ಹೆಚ್ಚಿದ್ದರೆ ಅಥವಾ ಸಿಲಿಂಡರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮನಾಗಿಲ್ಲದ ದೋಷಕ್ಕೆ ಕೊಡುವ ಪವರ್) ಇದ್ದರೆ, ‘ಬೆಂಗಳೂರಿನಿಂದ ತರಿಸಬೇಕು, ಮುಂಗಡ ಕೊಟ್ಟು ಹೋಗಿ’ ಎಂಬ ಉತ್ತರ ಬರುವುದುಂಟು. ಅಲ್ಲಿಂದ ಮುಂದಿನ ಒಂದೊಂದು ‘ನಾಳೆ ಬನ್ನಿ’ಯೂ ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಬರುವವರಿಗೆ ಒಂದು ದಿನದ ಕೆಲಸವನ್ನು ಕಳೆಯುತ್ತದೆ. ಈ ಅಲೆದಾಟವನ್ನು ತಪ್ಪಿಸಬೇಕಾದರೆ ಹಣ ಕೊಡುವ ಮೊದಲೇ ಎಲ್ಲವನ್ನೂ ಬರಹದಲ್ಲಿ ಪಡೆದುಕೊಳ್ಳಬೇಕು.

ಮೊದಲು ಬೇಕಾದದ್ದು ಲೆನ್ಸಿಗೆಂದೇ ಬರೆದ ಪ್ರತ್ಯೇಕ ಚೀಟಿ. ಕನ್ನಡಕವು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ಮುಂದಿರುತ್ತದೆ, ಲೆನ್ಸ್ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆಯೇ ಕೂರುತ್ತದೆ. ಆದ್ದರಿಂದ ಪವರ್ 4ನ್ನು ದಾಟಿದ ಮೇಲೆ ಎರಡಕ್ಕೂ ಒಂದೇ ಸಂಖ್ಯೆ ಹೊಂದುವುದಿಲ್ಲ. ಕನ್ನಡಕದಲ್ಲಿ ಮೈನಸ್ 6.00 ಇರುವವರಿಗೆ ಲೆನ್ಸಿನಲ್ಲಿ ಮೈನಸ್ 5.50ರ ಆಸುಪಾಸು ಸಾಕಾಗುತ್ತದೆ. ಪವರ್ ಅಲ್ಲದೆ ಬೇಸ್ ಕರ್ವ್ (ಲೆನ್ಸಿನ ಒಳಬದಿಯ ಬಾಗು), ವ್ಯಾಸ, ಬ್ರಾಂಡ್ ಇವೂ ಚೀಟಿಯಲ್ಲಿರಬೇಕು. ಲೆನ್ಸನ್ನು ಕಣ್ಣಿಗೆ ಹಾಕಿ ನೋಡದೆ ಇವನ್ನು ಯಾರೂ ಸರಿಯಾಗಿ ಬರೆಯಲಾರರು, ಹಾಗಾಗಿ ಹಳೆಯ ಕನ್ನಡಕದ ಚೀಟಿಯನ್ನಷ್ಟೇ ನೋಡಿ ಆರ್ಡರ್ ಬರೆದುಕೊಳ್ಳುವ ಅಂಗಡಿಯಿಂದ ಎದ್ದು ಬರುವುದೇ ಲೇಸು.

ಸಿಲಿಂಡರ್ ಇರುವವರು ಇನ್ನಷ್ಟು ಎಚ್ಚರದಿಂದಿರಬೇಕು. ಅವರಿಗೆ ಬೇಕಾದ ಟೋರಿಕ್ ಲೆನ್ಸಿಗೆ ಆಕ್ಸಿಸ್ (ಸಿಲಿಂಡರ್ ಕೂರಬೇಕಾದ ಕೋನ) ಕೂಡ ಹೊಂದಬೇಕಾದ್ದರಿಂದ ಅದನ್ನು ಎಲ್ಲ ಪವರಿನಲ್ಲೂ ದಾಸ್ತಾನು ಇಡುವುದು ಕಷ್ಟ. ಆಗ ಸಿಲಿಂಡರಿನ ಅರ್ಧವನ್ನು ಪವರಿಗೆ ಸೇರಿಸಿ ಸಾಧಾರಣ ಲೆನ್ಸನ್ನೇ ಕೊಡುವುದುಂಟು: ಮೈನಸ್ 2.00 ಪವರ್, ಮೈನಸ್ 1.50 ಸಿಲಿಂಡರ್ ಇದ್ದವರ ಕೈಗೆ ಮೈನಸ್ 2.75 ಬರುತ್ತದೆ. ಸಿಲಿಂಡರ್ ತೀರ ಕಡಿಮೆಯಿದ್ದಾಗ ವೈದ್ಯರೂ ಈ ದಾರಿ ಹಿಡಿಯುತ್ತಾರೆ, ಅದರಲ್ಲಿ ತಪ್ಪಿಲ್ಲ. ಗ್ರಾಹಕರಿಗೆ ಹೇಳದೆ ಹಾಗೆ ಮಾಡಿ, ಅಕ್ಷರ ಮಸುಕಾಗಿದೆ ಎಂದು ಅವರು ಮರಳಿ ಬಂದಾಗ ‘ಎರಡು ದಿನ ಹಾಕಿಕೊಳ್ಳಿ, ಅಡ್ಜಸ್ಟ್ ಆಗುತ್ತೆ’ ಎಂದು ಸಾಗಹಾಕುವುದು ಮಾತ್ರ ಅನ್ಯಾಯ.

ಮುಂಗಡ ಕೊಡುವಾಗ ರಸೀದಿಯಲ್ಲಿ ಎರಡೂ ಕಣ್ಣಿನ ಸಂಖ್ಯೆಗಳು, ಲೆನ್ಸ್ ಕೈಸೇರುವ ದಿನಾಂಕ, ಆ ದಿನಕ್ಕೆ ಬಾರದಿದ್ದರೆ ಹಣ ಮರಳಿಸುವ ಮಾತು ಇವಿಷ್ಟನ್ನೂ ಬರೆಯಿಸಿಕೊಳ್ಳಿ. ಮಳೆಗಾಲದಲ್ಲಿ ನಿಜವಾಗಿಯೂ ತಡವಾಗಬಹುದು. ಅದನ್ನು ಫೋನ್ ಮಾಡಿ ತಿಳಿಸುವ ಹೊಣೆ ಅಂಗಡಿಯದು, ಬಂದು ವಿಚಾರಿಸುವ ಹೊಣೆ ನಿಮ್ಮದಲ್ಲ.

ಲೆನ್ಸ್ ಬಂದಾಗ ಕೌಂಟರಿನ ಮುಂದೆಯೇ ನಿಂತು ಪರೀಕ್ಷಿಸಬೇಕು. ಪೆಟ್ಟಿಗೆಯ ಮೇಲಿನ ಸಂಖ್ಯೆಗಳನ್ನು ಚೀಟಿಯೊಂದಿಗೂ, ಒಳಗಿನ ಪ್ರತಿ ಬ್ಲಿಸ್ಟರಿನ (ಒಂದೊಂದು ಲೆನ್ಸನ್ನು ಇಟ್ಟು ಮುಚ್ಚಿದ ಪುಟ್ಟ ಪೊಟ್ಟಣದ) ಸಂಖ್ಯೆಗಳನ್ನು ಪೆಟ್ಟಿಗೆಯೊಂದಿಗೂ ಹೋಲಿಸಿ, ಪ್ಲಸ್ ಮೈನಸ್ ಗುರುತು, ಅವಧಿ ಮುಗಿಯುವ ದಿನಾಂಕ ಮತ್ತು ಬ್ಯಾಚ್ ಸಂಖ್ಯೆ ಕಾಣುವಂತೆ ಫೋಟೋ ತೆಗೆದುಕೊಳ್ಳಿ. ಬ್ಲಿಸ್ಟರ್ ಒಡೆದ ಮೇಲೆ ತಪ್ಪು ಯಾರದೆಂಬ ವಾದ ಬೆಳೆಯುವುದರಿಂದ ಈ ಕೆಲಸ ಒಡೆಯುವ ಮೊದಲೇ ಮುಗಿಯಬೇಕು. ಹಾಕಿಕೊಂಡ ಲೆನ್ಸಿನಿಂದ ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ ಅಂಗಡಿಯವರ ಉತ್ತರಕ್ಕಾಗಿ ಒಂದು ಗಂಟೆಯೂ ಕಾಯದೆ ಲೆನ್ಸ್ ತೆಗೆದು, ಅದನ್ನು ಎಸೆಯದೆ ಜೊತೆಯಲ್ಲಿಟ್ಟುಕೊಂಡು ಕಣ್ಣಿನ ವೈದ್ಯರ ಬಳಿ ಹೋಗಿ. ಕಾರ್ನಿಯಾದ ಸೋಂಕು ದೃಷ್ಟಿಯನ್ನೇ ಕಳೆಯಬಲ್ಲದು. ಹಣದ ಜಗಳವನ್ನು ಆಮೇಲೆ ಮಾಡಬಹುದು.

ಆ ಜಗಳದಲ್ಲಿ ಕಾನೂನು ನಿಮ್ಮ ಕಡೆಗಿದೆ. ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂದು ಬಿಲ್ಲಿನಲ್ಲಿ ಮುದ್ರಿಸಿದ ಮಾತ್ರಕ್ಕೆ ದೋಷಯುಕ್ತ ವಸ್ತುವಿನ ಹೊಣೆ ತಪ್ಪುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿಯನ್ನು ಹೇಳದಿದ್ದರೆ 30 ದಿನಗಳೊಳಗೆ, ಅಂಥ ವಸ್ತುವನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ. ಆನ್‌ಲೈನಿನಲ್ಲಿ ಕೊಂಡಿದ್ದರೆ ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳಂತೆ ದೂರು ತಲುಪಿದ್ದನ್ನು ಅವರು 48 ಗಂಟೆಗಳಲ್ಲಿ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಇಷ್ಟಕ್ಕೂ ಮಣಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಅದರ ಮುಂದಿನ ಹೆಜ್ಜೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಮಾರಿದವರು ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ತೊಂದರೆಯಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಬೇಕು. ಚೀಟಿ, ರಸೀದಿ, ಫೋಟೋ, ಅಂಗಡಿಯವರೊಂದಿಗಿನ ವಾಟ್ಸ್ಆ್ಯಪ್ ಸಂದೇಶಗಳನ್ನು ದೂರಿಗೆ ಲಗತ್ತಿಸಿ, ಒಡೆಯದ ಬ್ಲಿಸ್ಟರುಗಳನ್ನು ತೀರ್ಮಾನ ಬರುವವರೆಗೂ ಪೆಟ್ಟಿಗೆಯ ಸಮೇತ ಜೋಪಾನವಾಗಿ ಇಡಿ.