ವಾಟಗದ ಲೆಕ್ಕ, ಬಾಟಲಿಯ ಲೆಕ್ಕ

ಗದಗದಲ್ಲಿ ಮೆಡಿಕಲ್ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ ಏಪ್ರಿಲ್-ಮೇ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ರೋಣ, ಮುಂಡರಗಿ, ಶಿರಹಟ್ಟಿ ಕಡೆಯಿಂದ ವಾಂತಿ-ಭೇದಿ ಆದವರು, ಬಿಸಿಲಲ್ಲಿ ಹೊಲದಲ್ಲಿ ದುಡಿದು ಬಿದ್ದವರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಜೊತೆಗೆ ಬಂದವರದ್ದು ಒಂದೇ ಮಾತು: "ಸಿಸ್ಟರ್, ಒಂದ್ ಸಲೈನ್ ಹಚ್ರಿ, ಆರಾಮ ಆಗತಾರ."

ಸಲೈನ್ ಹಚ್ಚುವುದು ದೊಡ್ಡ ಕೆಲಸ ಅಲ್ಲ. ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು ಅಂತ ಲೆಕ್ಕ ಇಡುವುದೇ ದೊಡ್ಡ ಕೆಲಸ. ರಕ್ತದಲ್ಲಿರುವ ಲವಣಗಳ, ಅಂದರೆ ಸೋಡಿಯಂ, ಪೊಟ್ಯಾಸಿಯಂ ರಿಪೋರ್ಟ್ ಬರಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಡಾಕ್ಟರಿಗೆ ದಾರಿ ತೋರಿಸುವುದು ನಮ್ಮ ಚಾರ್ಟು. ಆ ಚಾರ್ಟು ಸುಳ್ಳಾದರೆ ಮುಂದಿನದೆಲ್ಲ ಸುಳ್ಳು.

"ಎಷ್ಟು ನೀರು ಕುಡಿದರು?" ಅಂದರೆ "ಒಂದ್ ವಾಟಗ ಕುಡದಾರ್ರಿ" ಅನ್ನುತ್ತಾರೆ. ವಾಟಗ ಅಂದರೆ ಲೋಟ. ಆದರೆ ಯಾವ ವಾಟಗ? ಒಬ್ಬರ ಮನೆಯದು 150 ಎಂಎಲ್ ಹಿಡಿಯುತ್ತದೆ, ಇನ್ನೊಬ್ಬರದು 300. ಅದಕ್ಕೇ ಪೇಶೆಂಟ್ ಅಡ್ಮಿಟ್ ಆದ ಕೂಡಲೇ ಅವರು ಮನೆಯಿಂದ ತಂದ ಸ್ಟೀಲ್ ವಾಟಗವನ್ನೇ ಇಸಿದುಕೊಳ್ಳುತ್ತೇನೆ. ಅಳತೆ ಜಾರಿನಿಂದ ಅದಕ್ಕೆ 200 ಎಂಎಲ್ ನೀರು ಸುರಿದು, ನೀರು ನಿಂತ ಮಟ್ಟಕ್ಕೆ ಹೊರಗಡೆ ಪ್ಲಾಸ್ಟರ್ ಅಂಟಿಸುತ್ತೇನೆ. "ಇಷ್ಟು ಕುಡಿದರೆ ಒಂದು ಗೀಟು ಹಾಕ್ರಿ" ಅಂತ ಒಂದು ಹಾಳೆ ಕೊಡುತ್ತೇನೆ. ಹಾಳೆಯ ಒಂದು ಕಡೆ ವಾಟಗದ ಚಿತ್ರ, ಇನ್ನೊಂದು ಕಡೆ ಯೂರಿನ್ ಕ್ಯಾನ್ ಚಿತ್ರ. ಓದು ಬರದ ಅಜ್ಜಿಯರೂ ಗೀಟು ಹಾಕುತ್ತಾರೆ. ನಿಜ ಹೇಳಬೇಕೆಂದರೆ, ಕಾಲೇಜಿಗೆ ಹೋಗುವ ಮೊಮ್ಮಕ್ಕಳಿಗಿಂತ ಅವರದ್ದೇ ಲೆಕ್ಕ ನೆಟ್ಟಗಿರುತ್ತದೆ. ಮೊಮ್ಮಕ್ಕಳು ಮೊಬೈಲ್ ನೋಡುತ್ತಾ ಮರೆತುಬಿಡುತ್ತಾರೆ, ಸಂಜೆ ಸುಮ್ನೆ ಅಂದಾಜಿಗೆ ತುಂಬುತ್ತಾರೆ. ಮಜ್ಜಿಗೆ, ಅಂಬಲಿ, ಚಹಾ ಎಲ್ಲವೂ ಲೆಕ್ಕಕ್ಕೆ ಬರಬೇಕು ಅಂತ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ನೀರು ಮಾತ್ರ ಬರೆಯುತ್ತಾರೆ.

ಹೊರಗೆ ಬಂದದ್ದರ ಲೆಕ್ಕ ಇನ್ನೂ ಕಷ್ಟ. ಹಳ್ಳಿಯ ಹೆಣ್ಣುಮಕ್ಕಳು ಸುಮ್ಮನೆ ಎದ್ದು ಪಾಯಿಖಾನೆಗೆ ಹೋಗಿ ಬಂದುಬಿಡುತ್ತಾರೆ. ಗಂಡಸರ ಮುಂದೆ ಕೇಳಿದರೆ ಬಾಯಿ ಬಿಡುವುದಿಲ್ಲ. ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳುತ್ತೇನೆ: "ಅವ್ವಾ, ಒಂದಕ್ಕ ಹೋದ್ರಿ?" ಕ್ಯಾನ್ ಕೊಟ್ಟು, ಪರದೆ ಎಳೆದು, ಸೊಸೆಗೋ ಮಗಳಿಗೋ ತೋರಿಸಿಕೊಟ್ಟರೆ ಒಪ್ಪುತ್ತಾರೆ. ದೊಡ್ಡವರಿಗೆ ಗಂಟೆಗೆ ಒಂದು ಕಿಲೋ ತೂಕಕ್ಕೆ ಅರ್ಧ ಎಂಎಲ್ ಆದರೂ ಮೂತ್ರ ಬರಬೇಕು. 50 ಕಿಲೋ ಇರುವವರಿಗೆ ಆರು ತಾಸಿಗೆ 150 ಎಂಎಲ್. ಅದಕ್ಕಿಂತ ಕಡಿಮೆ ಆದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಪೊಟ್ಯಾಸಿಯಂ ಹಾಕುವ ಮೊದಲೂ ಇದನ್ನೇ ನೋಡುವುದು. ಮೂತ್ರ ಸರಿಯಾಗಿ ಬರದಿದ್ದವರಿಗೆ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಕೊಟ್ಟರೆ ಅದು ರಕ್ತದಲ್ಲೇ ಉಳಿದು ಹೃದಯಕ್ಕೆ ಏಟು ಕೊಡುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿ ಈಕ್ವಿವಲೆಂಟ್ (ಲವಣ ಅಳೆಯುವ ಮಾನ) ಒಳಗಿರಬೇಕು. ಭೇದಿ ಜಾಸ್ತಿ ಆದವರಲ್ಲಿ ಅದು ಕೆಳಗಿಳಿದು ಕಾಲಲ್ಲಿ ಶಕ್ತಿ ಇರುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ನಮ್ಮಲ್ಲಿ ಸಿಗುವ 15 ಪರ್ಸೆಂಟ್ ಕೆಸಿಎಲ್‌ನ 10 ಎಂಎಲ್ ಆಂಪ್ಯೂಲಿನಲ್ಲಿ (ಚಿಕ್ಕ ಔಷಧ ಸೀಸೆಯಲ್ಲಿ) 20 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ ಇರುತ್ತದೆ. ಇದನ್ನು ಸಿರಿಂಜಿನಿಂದ ನೇರವಾಗಿ ನರಕ್ಕೆ ಎಂದೂ ಕೊಡುವಂತಿಲ್ಲ. ಕೊಟ್ಟರೆ ಹೃದಯ ನಿಂತುಹೋಗಬಹುದು.

ಬಾಟಲಿಗೆ ಬೆರೆಸುವಾಗಲೂ ಒಂದು ವಿಷಯ ಇದೆ, ಹೊಸಬರಿಗೆ ಇದನ್ನು ಕೈ ಹಿಡಿದು ತೋರಿಸುತ್ತೇನೆ. ತೂಗುಹಾಕಿದ ಬಾಟಲಿಗೆ ಹಾಗೇ ಚುಚ್ಚಿ ಕೆಸಿಎಲ್ ಹಾಕಬಾರದು. ಅದು ಸಲೈನಿಗಿಂತ ಭಾರ, ಕೆಳಗೆ ಕೂತುಬಿಡುತ್ತದೆ, ಮೊದಲ ಹನಿಗಳಲ್ಲೇ ಒಟ್ಟಿಗೆ ಹೋಗುತ್ತದೆ. ಬಾಟಲಿ ಕೆಳಗಿಳಿಸಿ, ಹಾಕಿ, ಎಂಟು-ಹತ್ತು ಸಲ ತಲೆಕೆಳಗು ಮಾಡಿ ಬೆರೆಸಿ, ಕೆಂಪು ಪೆನ್ನಿನಲ್ಲಿ ಲೇಬಲ್ ಬರೆದು ಆಮೇಲೆ ತೂಗುಹಾಕಬೇಕು. 500 ಎಂಎಲ್‌ಗೆ ಒಂದು ಆಂಪ್ಯೂಲ್, ನಾಲ್ಕು ತಾಸಿಗೆ. ಒಂದು ಎಂಎಲ್‌ಗೆ 20 ಹನಿ ಬೀಳುವ ಸೆಟ್ ಆದರೆ ನಿಮಿಷಕ್ಕೆ 42 ಹನಿ. ಕೈನರದಲ್ಲಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ದಾಟಿಸುವುದಿಲ್ಲ.

ಇಷ್ಟೆಲ್ಲ ಮಾಡಿ ಹನಿ ಎಣಿಸಿ ಬಂದರೂ ಹಿಂದೆಯೇ ಯಾರೋ ಹನಿ ಹೆಚ್ಚು-ಕಡಿಮೆ ಮಾಡುವ ರೋಲರ್ ತಿರುಗಿಸಿ ಜೋರು ಮಾಡಿರುತ್ತಾರೆ. "ಮುಂಡರಗಿ ಬಸ್ ತಪ್ಪತೈತ್ರಿ ಅಕ್ಕಾರ, ಜಲ್ದಿ ಮುಗೀಲಿ ಅಂತ..." ಬೈದರೆ ನಾನಿಲ್ಲದಾಗ ಮತ್ತೆ ಮಾಡುತ್ತಾರೆ. ಹಾಗಾಗಿ ಕಾರಣ ಹೇಳುತ್ತೇನೆ: "ಅಣ್ಣಾರ, ಇದರಾಗ ಔಷಧ ಐತಿ. ಜೋರ್ ಬಿಟ್ರ ಎದಿ ಬಡಿತ ನಿಲ್ಲತೈತಿ." ಇದು ಕೇಳಿದ ಮೇಲೆ ಯಾರೂ ಕೈ ಹಚ್ಚುವುದಿಲ್ಲ. ಪೇಶೆಂಟ್ "ಕೈ ಉರಿಯಾಕತ್ತೈತಿ" ಅಂದರೆ ಮಾತ್ರ ತಕ್ಷಣ ನೋಡಬೇಕು. ಬಾವು ಬಂದಿದ್ದರೆ ನಿಲ್ಲಿಸಿ ಬೇರೆ ಕೈಗೆ ಹಾಕುವುದು, ಇಲ್ಲದಿದ್ದರೆ ಹನಿ ಕಡಿಮೆ ಮಾಡುವುದು.

ಸೋಡಿಯಂ ಕಥೆಯೇ ಬೇರೆ. ಒಬ್ಬ ಅಜ್ಜನನ್ನು ಕರೆತಂದಾಗ ಮಗ ಹೇಳಿದ್ದು, "ವಯಸ್ಸಾತಲ್ರಿ, ಅರಳು-ಮರಳು." ಆದರೆ ಮೂರು ದಿನದ ಹಿಂದೆ ಅಜ್ಜ ತಾನೇ ಸಂತೆಗೆ ಹೋಗಿ ಬಂದಿದ್ದರಂತೆ. ಅರಳು-ಮರಳು ಮೂರು ದಿನದಲ್ಲಿ ಬರುತ್ತದಾ? ಗುಳಿಗೆ ಚೀಲ ತೆಗೆಸಿದೆ. ಬಿಪಿ ಗುಳಿಗೆಯಲ್ಲಿ ಮೂತ್ರ ಹೋಗಿಸುವ ಥಯಾಜೈಡ್ ಎಂಬ ಔಷಧ ಸೇರಿತ್ತು, ಅದು ಸೋಡಿಯಂ ಇಳಿಸಬಹುದು. ಸೋಡಿಯಂ 135ರಿಂದ 145 ಇರಬೇಕಾದದ್ದು 110ರ ಹತ್ತಿರ ಬಂತು. ಮಂಚದ ಕಂಬಿ ಏರಿಸಿ, ಫಿಟ್ಸ್ ಬಂದರೆ ಬೇಕಾಗುವ ಸಕ್ಷನ್, ಆಕ್ಸಿಜನ್ ಪಕ್ಕದಲ್ಲೇ ಇಟ್ಟೆ. ಮಾಮೂಲಿಗಿಂತ ಉಪ್ಪು ಜಾಸ್ತಿ ಇರುವ 3 ಪರ್ಸೆಂಟ್ ಸಲೈನ್ ಶುರುವಾಯಿತು, ಇನ್ಫ್ಯೂಷನ್ ಪಂಪಿನಲ್ಲೇ. ಇಲ್ಲಿ ಅವಸರ ಮಾಡುವಂತಿಲ್ಲ. 24 ತಾಸಿನಲ್ಲಿ ಸೋಡಿಯಂ 8ಕ್ಕಿಂತ ಜಾಸ್ತಿ ಏರದಂತೆ ಡಾಕ್ಟರು ನೋಡಿಕೊಳ್ಳುತ್ತಾರೆ. ವೇಗವಾಗಿ ಏರಿದರೆ ಕೆಲವು ದಿನದ ಮೇಲೆ ಮಿದುಳಿಗೆ ಪೆಟ್ಟಾಗಿ ಮಾತು, ಕೈಕಾಲು ಹೋಗಬಹುದು. ರಾತ್ರಿ ಇದ್ದಕ್ಕಿದ್ದಂತೆ ಮೂತ್ರ ತಿಳಿ ನೀರಿನ ಹಾಗೆ ಜಾಸ್ತಿ ಬರತೊಡಗಿತು. ನೋಡುವವರಿಗೆ ಖುಷಿ. ಆದರೆ ಹಾಗೆ ನೀರು ಹೊರಗೆ ಹೋದರೆ ಸೋಡಿಯಂ ತಾನಾಗಿಯೇ ಬೇಗ ಮೇಲೇರುತ್ತದೆ. ಫೋನ್ ಮಾಡಿದೆ, ರಕ್ತ ಕಳಿಸಿದೆವು, ಸಲೈನ್ ನಿಲ್ಲಿಸಿದರು. ನಾಲ್ಕನೇ ದಿನ ಅಜ್ಜ ನನ್ನನ್ನು "ಯಾವ ಊರವ್ವಾ ನಿಂದು?" ಅಂತ ಕೇಳಿದರು.

ಸ್ಯಾಂಪಲ್ ವಿಷಯ ಚಿಕ್ಕದಾದರೂ ಹೇಳಲೇಬೇಕು. ಸಲೈನ್ ಓಡುತ್ತಿರುವ ಕೈಯಿಂದ ರಕ್ತ ತೆಗೆಯಬೇಡಿ. ಟೂರ್ನಿಕೆ (ತೋಳಿಗೆ ಕಟ್ಟುವ ಪಟ್ಟಿ) ಬಿಗಿದು ಮುಷ್ಟಿ ಹಿಚುಕಿಸುತ್ತಾ ಕೂರಬೇಡಿ, ಪೊಟ್ಯಾಸಿಯಂ ಸುಳ್ಳೇ ಜಾಸ್ತಿ ತೋರಿಸುತ್ತದೆ. ಕಿಡ್ನಿ ಪೇಶೆಂಟಿಗೆ ಬೀಗರು ಪ್ರೀತಿಯಿಂದ ತರುವ ಎಳನೀರಿನ ಮೇಲೂ ಕಣ್ಣಿಡಿ, ಅದರಲ್ಲಿ ಪೊಟ್ಯಾಸಿಯಂ ಬಹಳ.

ಡ್ಯೂಟಿ ಬದಲಾಗುವಾಗ ಬಾಯಿಮಾತಿನಲ್ಲಿ "ಇನ್ನೂ ಅರ್ಧ ಬಾಟಲಿ ಐತಿ" ಅನ್ನುವ ರೂಢಿ ನಾನು ಬಿಡಿಸಿದ್ದೇನೆ. ಬಾಟಲಿಗೆ ಉದ್ದಕ್ಕೆ ಪ್ಲಾಸ್ಟರ್ ಪಟ್ಟಿ ಅಂಟಿಸಿ, ಪ್ರತಿ ತಾಸಿಗೂ ಎಲ್ಲಿಗೆ ಇಳಿಯಬೇಕು ಅಂತ ಗೆರೆ ಎಳೆದಿಡುತ್ತೇವೆ. ಮುಂದಿನ ಸಿಸ್ಟರ್ ಬಂದು ಗೆರೆ ನೋಡಿ, ಕ್ಯಾನ್ ನೋಡಿ, ಮುಂದಿನ ಸ್ಯಾಂಪಲ್ ಯಾವಾಗ ಅಂತ ಕೇಳಿಕೊಂಡ ಮೇಲೆಯೇ ನಾನು ಬ್ಯಾಗ್ ತೆಗೆದುಕೊಳ್ಳುವುದು.